ದೊಡ್ಡಬೀರಪ್ಪನ ಕಿವಿಯ ಅತ್ತರು

ಹೆಂಡತಿ ನೀರಿಗೆ ಹೋದ ಹೊತ್ತು ನೋಡಿಕೊಂಡು ದೊಡ್ಡಬೀರಪ್ಪ ಕಿವಿ ತೊಳೆಯಲು ಕೂರುತ್ತಿದ್ದ. ಮನೆಯ ಹಿಂದೆ ಒಂದು ಕಲ್ಲುಬಾನಿ. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಲೆಯ ಬೂದಿಗೆ ಒಂದು ಚಿಟಿಕೆ ಸೀಗೆಪುಡಿ ಬೆರೆಸಿ, ಬಲಗಿವಿಯ ಮಡಿಕೆಯೊಳಗೆ ಬೆರಳು ಹಾಕಿ ಉಜ್ಜುವನು. ಆಮೇಲೆ ಕತ್ತು, ಆಮೇಲೆ ಮಣಿಕಟ್ಟು. ತೊಳೆದಾದ ಮೇಲೆ ಬೆರಳು ಮೂಸಿ ನೋಡುವನು. ವಾಸನೆ ಇನ್ನೂ ಇದ್ದರೆ ಮತ್ತೊಂದು ಸುತ್ತು ಬೂದಿ. ಕಿವಿ ಕೆಂಪಗಾಗುವ ಹೊತ್ತಿಗೆ ಸಮಾಧಾನವಾಗುತ್ತಿತ್ತು. ಆಗ ಕರಿಕಂಬಳಿ ಹೆಗಲಿಗೆಸೆದು, ಕೋಲು ಹಿಡಿದು, ಅಂಜಿನಮ್ಮ ಕೊಡ ಹೊತ್ತು ವಾಪಸು ಬರುವುದರೊಳಗೆ ಮಂದೆಯ ಕಡೆ ಹೊರಟುಬಿಡುತ್ತಿದ್ದ.

ಇದು ೧೯೫೭ರ ಮುಂಗಾರಿನ ಮಾತು. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಕಾವಲೆಂಬ ಸರ್ಕಾರಿ ಹುಲ್ಲುಗಾವಲಿನಲ್ಲಿ ಅವನಿಗೆ ಅಮೃತಮಹಲ್ ದನ ಕಾಯುವ ಕೆಲಸ. ಅವನಪ್ಪ ಮಾಡುತ್ತಿದ್ದದ್ದೂ ಅದೇ ಕೆಲಸ. ಬೀರಪ್ಪ ಆಳು ಎತ್ತರ, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅಮೃತಮಹಲ್ ದನವೆಂದರೆ ಕೊಟ್ಟಿಗೆಯಲ್ಲಿ ಹುಟ್ಟಿ ಕೊಟ್ಟಿಗೆಯಲ್ಲಿ ಸಾಯುವ ದನವಲ್ಲ. ಬೂದು ಮೈ, ಹಿಂದಕ್ಕೆ ಬಾಗಿ ತುದಿ ಚೂಪಾದ ಕೊಂಬು, ಜಿಂಕೆಯಂತೆ ಬೆಚ್ಚುವ ಕಿವಿ. ಬಯಲಲ್ಲೇ ಹುಟ್ಟುತ್ತವೆ, ಬಯಲಲ್ಲೇ ಈಯುತ್ತವೆ. ಅವುಗಳ ನಡುವೆ ಹೊಸಬನೊಬ್ಬ ಕಾಲಿಟ್ಟರೆ ಮೊದಲು ಒಂದು ಹಸು ತಲೆ ಎತ್ತಿ ಬುಸ್ ಎನ್ನುತ್ತದೆ, ಆಮೇಲೆ ಇಡೀ ಮಂದೆ ತಲೆ ತಗ್ಗಿಸುತ್ತದೆ. ಆಗ ಹೊಸಬನಿಗೆ ಉಳಿಯುವುದು ಹತ್ತಿರದ ಮರವೊಂದೇ. ಕಾಯುವವನನ್ನು ಅವು ಕೂಗಿನಿಂದ ಅರ್ಧ ಗುರುತು ಹಿಡಿಯುತ್ತವೆ, ಇನ್ನರ್ಧ ವಾಸನೆಯಿಂದ. ಅದಕ್ಕೇ ಆ ಕಾವಲಿನವರು ಕಂಬಳಿ ಒಗೆಯುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹಳಬನೊಬ್ಬ ತನ್ನ ಹಳೇ ಕಂಬಳಿ ಹೊದಿಸಿ ಮಂದೆಯ ಹತ್ತಿರ ಕರೆದೊಯ್ಯಬೇಕು. ಬೀರಪ್ಪನ ಹೆಗಲ ಮೇಲಿದ್ದದ್ದು ಅವನಪ್ಪನ ಕಂಬಳಿ. ಮಳೆ ಬಿಟ್ಟರೆ ಬೇರೆ ನೀರು ಕಂಡದ್ದಲ್ಲ.

ಅಂಜಿನಮ್ಮ ತರೀಕೆರೆಯವಳು. ಅವಳಪ್ಪ ಹನುಮಂತಪ್ಪ ಮಂಡಿಗೆ ಬಂಡಿ ಹೊಡೆಯುತ್ತಿದ್ದ. ಬಂಡಿ ನಿಲ್ಲಿಸುವ ಜಾಗದ ಎದುರಿಗೇ ಅತ್ತರು ಸಾಬರ ಗೂಡಂಗಡಿ. ಅಪ್ಪನಿಗೆ ಬುತ್ತಿ ಒಯ್ದು ಕೊಡುವ ನೆಪದಲ್ಲಿ ಆ ಅಂಗಡಿಯ ಮುಂದೆ ನಿಂತು ನಿಂತು ಅವಳ ಮೂಗು ಬೆಳೆದಿತ್ತು. ಪೇಟೆ ಬೀದಿಯಲ್ಲಿ ದಿನಾ ಹೂವಿನ ಬುಟ್ಟಿ ಬರುತ್ತಿದ್ದ ಊರಿಂದ ಅವಳು ಬಂದದ್ದು ಕುರುಚಲು ಕಾಡಿನ ನಡುವಿನ ನಾಲ್ಕು ಮನೆಗೆ. ಅಲ್ಲಿ ತಂಗಡಿ ಹೂವೊಂದನ್ನು ಬಿಟ್ಟರೆ ಮುಡಿಯುವಂಥದ್ದು ಏನೂ ಇಲ್ಲ. ಮಡಿಲು ತುಂಬಿ ಕಳಿಸುವಾಗ ತಾಯಿ ದುರ್ಗಮ್ಮ, ಅಕ್ಕಿ ಬೆಲ್ಲ ಕೊಬ್ಬರಿಯ ಸಂದಿಗೆ ಬೆರಳುದ್ದದ ಒಂದು ಗಾಜಿನ ಸೀಸೆ ತುರುಕಿ, "ಹೂ ಸಿಗದ ಊರಿಗೆ ಹೋಗ್ತಿದೀಯ ಮಗಳೇ, ಇದನ್ನಾದ್ರೂ ಮಡಿಕ್ಕ" ಎಂದಿದ್ದಳು.

ಸೀಸೆಯೊಳಗಿನ ಎಣ್ಣೆಗೆ ತೆಳು ಹಸಿರು ಬಣ್ಣ. ಸಾಬರು ಅದನ್ನು ಹಸಿರು ಅತ್ತರು ಎನ್ನುತ್ತಿದ್ದರು. ಅರಳಿದ ಮಲ್ಲಿಗೆಯ ಘಮವಲ್ಲ ಅದು. ಮೊಗ್ಗನ್ನು ತೊಟ್ಟು ಎಲೆ ಸಮೇತ ಕಿತ್ತು, ನಾಲ್ಕು ಎಸಳು ಮರುಗದ ಜೊತೆ ಅಂಗೈಯಲ್ಲಿ ಹೊಸಕಿದರೆ ಬರುವ ಹಸಿ ವಾಸನೆ. ಅಂಜಿನಮ್ಮ ಸಂಜೆ ಮುಖ ತೊಳೆದು ಕತ್ತಿಗೆ ಒಂದು ಬೆರಳು ತೀಡಿಕೊಂಡರೆ ಒಲೆಯ ಹೊಗೆಯ ನಡುವೆಯೂ ಅದು ಎದ್ದು ನಿಲ್ಲುತ್ತಿತ್ತು. ಅವಳ ಮೈಮೇಲಿದ್ದಾಗ ಬೀರಪ್ಪನಿಗೆ ಅದು ಬಹಳ ಹಿಡಿಸುತ್ತಿತ್ತು. ತನ್ನ ಮೈಮೇಲೆ ಬಂದರೆ ಮಾತ್ರ, ಬೇರೆ ಯಾರದೋ ಅಂಗಿ ತೊಟ್ಟುಕೊಂಡು ಊರ ಮುಂದೆ ನಡೆದಂತೆ ಮೈ ಕುಗ್ಗುತ್ತಿತ್ತು.

ಅವನಿಗೂ ಹಚ್ಚಬೇಕೆಂದು ಅವಳ ಆಸೆ. "ನೀವು ಒಳಕ್ಕೆ ಬಂದ್ರೆ ಇಡೀ ಮಂದೆನೇ ಒಳಕ್ಕೆ ಬಂದಂಗಾಗ್ತದೆ. ಯಾರು ಗಂಡ, ಯಾವ್ದು ಹೋರಿ ಅಂತ ಗೊತ್ತಾಗ್ಬೇಕಲ್ಲ" ಎನ್ನುವಳು.

ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು ಅವನಿಗೆ ಹೇಳದೆ ಒಂದು ಕೆಲಸ ಮಾಡಿದಳು. ಅರಳೆಯ ಉಂಡೆಯೊಂದಕ್ಕೆ ಅತ್ತರು ಅದ್ದಿ ಅವನ ಕಂಬಳಿಯ, ತಲೆಗೆ ಹಾಕಿಕೊಳ್ಳುವ ಕೊಪ್ಪೆಯ ಮಡಿಕೆಯೊಳಗೆ ಸಿಕ್ಕಿಸಿದಳು. ಮಧ್ಯಾಹ್ನ ಬಿಸಿಲಿಗೆ ಬೆವತಾಗ ಗಂಡನಿಗೆ ತನ್ನ ನೆನಪಾಗಲಿ ಎಂದು. ಮಧ್ಯಾಹ್ನದ ತನಕ ಕಾಯಬೇಕಾಗಿ ಬರಲಿಲ್ಲ. ಬೀರಪ್ಪ ಎಂದಿನಂತೆ "ಬಾವ್ವಾ, ಬಾ" ಎಂದು ಕೂಗುತ್ತ ಮಂದೆಯ ಹತ್ತಿರ ಹೋದ. ದನ ಕೂಗು ಕೇಳಿ ತಲೆ ಎತ್ತಿದವು. ಗಾಳಿ ಅವನ ಬೆನ್ನ ಕಡೆಯಿಂದ ಬೀಸುತ್ತಿತ್ತು. ಕೂಗು ಬೀರಪ್ಪನದು, ವಾಸನೆ ಇನ್ನಾರದೋ. ಮುಂದಿದ್ದ ಹಸು, ಕೆಂಗಣ್ಣಿ ಎಂದು ಅದರ ಹೆಸರು, ಬುಸ್ ಎಂದು ಕಾಲಲ್ಲಿ ಮಣ್ಣು ಕೆರೆಯಿತು. ಅದು ಹುಟ್ಟಿದಾಗಿನಿಂದ ಬೀರಪ್ಪ ಅದನ್ನು ಬಲ್ಲ. ಅದು ತನ್ನನ್ನು ಬಲ್ಲದೆಂದು ನಂಬಿ ಇನ್ನೂ ಎರಡು ಹೆಜ್ಜೆ ಇಟ್ಟ. ಕೆಂಗಣ್ಣಿ ತಲೆ ತಗ್ಗಿಸಿತು.

ಜೊತೆಯಲ್ಲಿ ಕಾಯುತ್ತಿದ್ದ ಈರಪ್ಪ ದೂರದಿಂದ ನೋಡುತ್ತಿದ್ದವನು, ಬೀರಪ್ಪ ಜಾಲಿ ಮರ ಹತ್ತಿದ್ದನ್ನು ಕಂಡು ಮೊದಲು ಚಿರತೆ ಬಂತೆಂದು ತಿಳಿದ. ಹತ್ತಿರ ಬಂದು ಮೂಗು ಅರಳಿಸಿದ ಮೇಲೆ ವಿಷಯ ತಿಳಿಯಿತು. ದನ ಅತ್ತ ಓಡಿಸಿ, ಮರದ ಕೆಳಗೆ ನಿಂತು ಕೈಮುಗಿದ.

"ಮದುಮಗ್ನೋರು ಕೆಳಗಿಳೀಬೇಕು. ದಿಬ್ಬಣ ಹೊಂಟೋಯ್ತು."

"ಬಾಯ್ಮುಚ್ಚಲೇ. ಮುಳ್ಳು ಎಲ್ಲೆಲ್ಲಿ ಚುಚ್ಚೈತೋ ನಂಗೆ ಗೊತ್ತು."

ಕಂಬಳಿಯನ್ನು ಒಗೆಯುವಂತಿರಲಿಲ್ಲ. ಬೆರಣಿ ಹೊಗೆ ಹಾಕಿ ಅದರ ಮೇಲೆ ಕಟ್ಟಿ, ಹಳೇ ವಾಸನೆ ಮತ್ತೆ ಹತ್ತುವವರೆಗೆ ಅವನು ಮಂದೆಯ ಹಿಂದೆ ದೂರದಲ್ಲೇ ಸುಳಿದಾಡಬೇಕಾಯಿತು. ಕೊಪ್ಪೆಯಲ್ಲಿದ್ದ ಅರಳೆಯನ್ನು ಮಾತ್ರ ಅವನು ಬಿಸಾಕಲಿಲ್ಲ. ಎಲೆ ಅಡಿಕೆಯ ಸಂಚಿಯೊಳಗೆ ಹಾಕಿಕೊಂಡ. ಬಹಳ ದಿನ ಅವನ ಎಲೆ ಅಡಿಕೆಯೆಲ್ಲ ಅತ್ತರಾಗಿ, ಅರ್ಧ ಅಗಿದು ಉಗಿಯುತ್ತಿದ್ದ. ಆದರೂ ಅರಳೆ ಸಂಚಿಯಲ್ಲೇ ಇತ್ತು.

ಸಂಗತಿ ತಿಳಿದಾಗ ಅಂಜಿನಮ್ಮ ಅತ್ತು, ಆಮೇಲೆ ನಕ್ಕು, ಆಮೇಲೆ ವಾದಕ್ಕೆ ನಿಂತಳು. "ಹಸಿ ಹುಲ್ಲಿನಂಥ ವಾಸ್ನೆ ಅಲ್ವಾ ಇದು? ದನಕ್ಕೆ ಖುಷಿಯಾಗ್ಬೇಕಿತ್ತು."

"ಹುಲ್ಲು ಎದ್ದು ನಡ್ಕಂಡು ದನದ ಹತ್ರ ಬಂದದ್ದು ಎಲ್ಲಾದ್ರೂ ನೋಡಿದೀಯೇನೇ?" ಎಂದ ಬೀರಪ್ಪ.

ಕೊನೆಗೆ ಒಪ್ಪಂದವಾಯಿತು. ಕಂಬಳಿಗೆ ಅತ್ತರು ಸೋಕಬಾರದು. ಸಂಜೆ ಮನೆಗೆ ಬಂದ ಮೇಲೆ ಅವಳು ಅವನ ಕಿವಿಗೆ ಒಂದು ಬೆರಳು ಹಚ್ಚಬಹುದು. ಬೆಳಗಾಗುವುದರೊಳಗೆ ಅದು ತಾನಾಗಿ ಹೋಗುತ್ತದೆಂದು ಅವಳು ನಂಬಿದ್ದಳು. ಅದು ಹೋಗುತ್ತಿರಲಿಲ್ಲ. ಬೀರಪ್ಪ ಅವಳ ನಂಬಿಕೆ ಕೆಡಿಸಲಿಲ್ಲ, ಬಾನಿಯ ಹತ್ತಿರ ಬೂದಿ ಇಟ್ಟುಕೊಂಡ. ಹಚ್ಚಿಕೊಂಡೇ ಹೋದರೆ ದನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಬೇಡವೆಂದರೆ ಅಂಜಿನಮ್ಮನ ಮುಖ ಬಾಡುತ್ತದೆ. ಎರಡೂ ಕಡೆ ಉಳಿಸಿಕೊಳ್ಳುವುದಕ್ಕೆ ಅವನಿಗೆ ತೋಚಿದ್ದು ಅದೊಂದೇ ದಾರಿ.

ಒಂದು ಬೆಳಿಗ್ಗೆ ಅಂಜಿನಮ್ಮನ ಕೊಡ ಬಾವಿಕಟ್ಟೆಗೆ ತಾಗಿ ಒಡೆಯಿತು. ಬರಿಗೈಯಲ್ಲಿ ಬೇಗ ಹಿಂದಿರುಗಿದವಳು ಹಿತ್ತಿಲ ಕಡೆಯಿಂದ ಬಂದಳು. ಗಂಡ ಹಲ್ಲು ಕಚ್ಚಿಕೊಂಡು, ಮಸಿ ಹಿಡಿದ ಪಾತ್ರೆ ತಿಕ್ಕುವವನಂತೆ ಕಿವಿ ತಿಕ್ಕುತ್ತಿದ್ದ.

"ಅದು ಪಾತ್ರೆ ಉಜ್ಜೋ ಬೂದಿ" ಎಂದಳು.

ಬೀರಪ್ಪ ಕಿವಿಯಿಂದ ಕೈ ತೆಗೆದ.

"ನಾನು ಹಚ್ಚಿದ್ದು ನಿಮಗೆ ಪಾತ್ರೆ ತಳದ ಮಸಿ ಆಯ್ತಾ? ದಿನಾನೂ ಹಿಂಗೇನಾ?"

"ದನ..." ಎಂದು ಶುರು ಮಾಡಿದ. ಅವಳು ಒಳಗೆ ಹೋಗಿಯಾಗಿತ್ತು.

ಸಂಜೆ ಸೀಸೆ ಗೋಡೆಯ ಗೂಡಿನಲ್ಲಿರಲಿಲ್ಲ. ಟ್ರಂಕಿನ ಒಳಕ್ಕೆ, ಮದುವೆ ಸೀರೆಯ ಕೆಳಕ್ಕೆ ಹೋಗಿತ್ತು. ಅವಳು ತಾನೂ ಹಚ್ಚಿಕೊಳ್ಳುವುದನ್ನು ಬಿಟ್ಟಳು. ಮುದ್ದೆ ಸಾರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅದರ ಜೊತೆ ಬರಬೇಕಾದ ಮಾತು ಬರುತ್ತಿರಲಿಲ್ಲ. ಬೀರಪ್ಪ ಮಾತು ಕಡಿಮೆಯವನೇ ನಿಜ. ಆದರೆ ಎದುರಿಗಿನವರು ಮಾತಾಡದಿದ್ದರೆ ತನಗೆ ಇಷ್ಟು ಕಷ್ಟವಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಬಾನಿಯ ಹತ್ತಿರ ಹೋಗಿ ಕೂರುವನು. ತೊಳೆಯಲು ಏನೂ ಇರುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ ಮಂದೆಯಲ್ಲಿ ಒಂದರ ಹಿಂದೊಂದು ಎರಡು ಕೇಡಾದವು. ಎಳೆಗರುವಿನ ತಾಯಿ ಹಸುವೊಂದು ಹಾವು ಕಚ್ಚಿ ಸತ್ತಿತು. ಅದಾದ ಮಾರನೇ ದಿನ ಕೆಂಗಣ್ಣಿಯ ಕರುವನ್ನು ಚಿರತೆ ಎಳೆದೊಯ್ದಿತು. ಒಂದು ಕಡೆ ಹಾಲಿಲ್ಲದ ಕರು, ಇನ್ನೊಂದು ಕಡೆ ಕೆಚ್ಚಲು ಬಿಗಿದು ನಿಂತ ಹಸು. ಎರಡನ್ನೂ ಕೂಡಿಸಿದರೆ ಎರಡೂ ಬದುಕುತ್ತವೆ. ಆದರೆ ಕೆಂಗಣ್ಣಿ ಒಪ್ಪಬೇಕಲ್ಲ.

ಕಾವಲುಗಾರರಲ್ಲಿ ಹಿರಿಯ ಅಜ್ಜಯ್ಯ. ಇಂಥದ್ದಕ್ಕೆ ಅವನು ಬಲ್ಲ ದಾರಿ ಒಂದಿತ್ತು: ಸತ್ತ ಕರುವಿನ ಚರ್ಮ ಸುಲಿದು ಅನಾಥ ಕರುವಿಗೆ ಹೊದಿಸುವುದು. ತನ್ನ ಕರುವಿನ ವಾಸನೆ ಸಿಕ್ಕರೆ ತಾಯಿ ಮೊಲೆ ಕೊಡುತ್ತದೆ. ಇಲ್ಲಿ ಚಿರತೆ ಚರ್ಮವನ್ನೂ ಉಳಿಸಿರಲಿಲ್ಲ. ಕೆಂಗಣ್ಣಿಯನ್ನು ದೊಡ್ಡಿಗೆ ಕೂಡಿ, ಎರಡು ಕಡೆ ಹಗ್ಗ ಬಿಗಿದು, ಕರುವಿಗೆ ಉಪ್ಪು ಸವರಿ ಬಿಟ್ಟರು. ಹಸು ಒಮ್ಮೆ ಮೂಸಿತು, ಒದೆಯಿತು. ಕರು ಮೂರು ಪಲ್ಟಿ ಹೊಡೆದು ಬೇಲಿಗೆ ಬಿತ್ತು. ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹಾಲೆರೆದರೆ ಅರ್ಧ ಹೊರಗೇ ಹೋಗುತ್ತಿತ್ತು. ಎರಡು ದಿನದಲ್ಲಿ ಕರುವಿನ ಕಣ್ಣು ಒಳಕ್ಕೆ ಇಳಿದವು.

"ಆಗಲ್ಲ ಕಣೋ ಬೀರ" ಎಂದ ಅಜ್ಜಯ್ಯ. "ಬೇರೆ ಕರು ಅಂತ ಅದಕ್ಕೆ ಗೊತ್ತಾಗ್ಬಿಟ್ಟೈತೆ. ಮೂಗಿಗೆ ಸುಳ್ಳು ಹೇಳಕ್ಕಾಗಲ್ಲ."

ಬೀರಪ್ಪ ಎಲೆ ಹಾಕಿಕೊಳ್ಳಲು ಸಂಚಿ ಬಿಚ್ಚಿದ. ಅರಳೆಯಲ್ಲಿ ಈಗ ಬರೀ ನೆನಪಿನಷ್ಟು ವಾಸನೆ ಉಳಿದಿತ್ತು. ಅದನ್ನು ಬೆರಳಲ್ಲಿ ಹಿಡಿದು ಜಾಲಿ ಮರದ ಕಡೆ ನೋಡಿದ. ಹುಟ್ಟಿನಿಂದ ಬಲ್ಲ ಕೆಂಗಣ್ಣಿಗೆ ತನ್ನನ್ನೇ ಮರೆಸಿದ ಅತ್ತರು ಇದು. ಬಲ್ಲವನನ್ನು ಹೊಸಬನನ್ನಾಗಿ ಮಾಡಿತಲ್ಲ, ಹೊಸ ಕರುವನ್ನು ಬಲ್ಲ ಕರುವನ್ನಾಗಿ ಮಾಡದೇ?

ಮನೆಗೆ ಬಂದು ಹೊಸಿಲ ಮೇಲೆ ನಿಂತ. ಅಂಜಿನಮ್ಮ ರಾಗಿ ಕೇರುತ್ತಿದ್ದಳು.

"ಆ ಸೀಸೆ ಬೇಕಿತ್ತು" ಎಂದ.

ಮೊರ ನಿಂತಿತು. "ಯಾತಕ್ಕೆ?"

"ಕರೂಗೆ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗಂಡನಿಗೆ ಬ್ಯಾಡಾದ್ದು ಕರೂಗೆ ಬೇಕಾಯ್ತಾ?"

ಬೀರಪ್ಪ ಅಂದು ಮದುವೆಯಾದಂದಿನಿಂದ ಆಡದಷ್ಟು ಮಾತಾಡಿದ. ಚಿರತೆ, ಚರ್ಮ, ಉಪ್ಪು, ಒದೆ, ಕರುವಿನ ಕಣ್ಣು. ಕೊನೆಗೆ, ಹೇಳಬೇಕೆಂದು ಹೊರಟಿರದಿದ್ದ ಮಾತೂ ಬಂತು. "ನಂಗೆ ಬ್ಯಾಡ ಅಂತಲ್ಲ ಕಣೇ. ದನ ನಂಬ್ಕಂಡಿರೋ ಬೀರಪ್ಪ ಒಬ್ಬ, ನಿನ್ನ ಬೀರಪ್ಪ ಒಬ್ಬ. ದಿನಾ ಬೆಳಿಗ್ಗೆ ನಿನ್ನೋನನ್ನ ತೊಳ್ದು ದನದೋನನ್ನ ಕರ್ಕಂಡು ಹೋಗ್ಬೇಕು. ಅಷ್ಟೇಯ."

ಸಂಚಿಯಿಂದ ಅರಳೆ ತೆಗೆದು ತೋರಿಸಿದ. ಎಲೆಯ ರಸಕ್ಕೆ ಅದು ಕೆಂಪಗಾಗಿತ್ತು. ಅಂಜಿನಮ್ಮ ಅದನ್ನು ತೆಗೆದುಕೊಂಡು ಮೂಸಿದಳು. ಎದ್ದು ಟ್ರಂಕು ತೆರೆದಳು. ಆದರೆ ಸೀಸೆಯನ್ನು ಅವನ ಕೈಗೆ ಕೊಡಲಿಲ್ಲ. ಸೆರಗಿಗೆ ಕಟ್ಟಿಕೊಂಡಳು.

"ನಡೀರಿ. ನಿಮ್ಮ ಕೈಗೆ ಕೊಟ್ರೆ ಎಣ್ಣೆ ಸುರಿದಂಗೆ ಸುರೀತೀರಿ."

ದೊಡ್ಡಿಯ ಹತ್ತಿರ ಹೆಂಗಸರು ಬರುವ ವಾಡಿಕೆ ಇರಲಿಲ್ಲ. ಅಂಜಿನಮ್ಮ ಬೇಲಿಯ ಹೊರಗೆ ನಿಂತದ್ದು ಕಂಡು ಅಜ್ಜಯ್ಯ ಎದ್ದು ನಿಂತ. ಈರಪ್ಪನಿಗೆ ಸೀಸೆ ಕಂಡದ್ದೇ ತಡ.

"ಏನಕ್ಕ, ಕರೂಗೆ ಮದುವೆನಾ? ಗಂಡು ಎಲ್ಲಿಂದು?"

"ನಿಮ್ಮ ಮನೆಯಿಂದ್ಲೇ ಕೇಳಾನ ಅಂತಿದ್ವಿ ಈರಣ್ಣ. ಮೈ ತೊಳ್ಕಂಡ್ರೆ ಆಗ್ಬಹುದು" ಎಂದಳು ಅವಳು.

ಅಜ್ಜಯ್ಯ ತಲೆ ಕೆರೆದುಕೊಂಡ. "ಉಪ್ಪು ಕಂಡಿದೀನಿ, ಬೆಲ್ಲ ಕಂಡಿದೀನಿ, ಅತ್ತರು ಕಂಡಿಲ್ಲವ್ವ. ಮಾಡಿ ನೋಡು."

ಕರುವನ್ನು ಬೇಲಿಯ ಹತ್ತಿರ ತಂದರು. ಅಂಜಿನಮ್ಮ ಸಂದಿಯಲ್ಲಿ ಕೈ ತೂರಿಸಿ ಅದರ ನೆತ್ತಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ಅರಳೆಯಲ್ಲಿ ತೀಡಿದಳು. ಹಸು ಮೂಸುವುದು ಬಾಲದ ಬುಡವನ್ನೇ ಎಂದು ದಾರಿಯಲ್ಲಿ ಬೀರಪ್ಪ ಹೇಳಿದ್ದ. ಇನ್ನೊಂದು ಅರಳೆಯನ್ನು ಅವನು ಕೋಲಿನ ತುದಿಗೆ ಕಟ್ಟಿ ಕೆಂಗಣ್ಣಿಯ ಮೂಗಿನ ಹೊಳ್ಳೆಗೆ ಸವರಿದ. ಹಸು ತಲೆ ಕೊಡವಿ ಸೀನಿತು. ಮೇಲ್ದುಟಿ ಸುರುಟಿಸಿ ಆಕಾಶ ನೋಡಿತು.

ಕರುವನ್ನು ಹಿಡಿದು ಹೊರಟ ಬೀರಪ್ಪನನ್ನು ಅಂಜಿನಮ್ಮ ತಡೆದಳು. "ನಿಲ್ಲಿ. ನೀವು ಮುಟ್ಟಿದ ಕಡೆ ನಿಮ್ಮ ವಾಸ್ನೆ ಹತ್ತಲ್ವಾ? ನಿಮಗೂ ಅದೇ ಇರ್ಬೇಕು."

ಅವಳ ಮಾತಿನಲ್ಲಿ ನ್ಯಾಯವಿತ್ತು. ಬೀರಪ್ಪ ಅಜ್ಜಯ್ಯನ ಎದುರಿಗೆ, ಈರಪ್ಪನ ಎದುರಿಗೆ, ಬೇಲಿಯ ಮೇಲಿಂದ ತಲೆ ಬಗ್ಗಿಸಿದ. ಅವಳು ಎರಡೂ ಕೈಗೆ ಸವರಿ, ಬಲಗಿವಿಗೂ ಒಂದು ಬೆರಳು ಹಚ್ಚಿದಳು. ಕಿವಿಯಿಂದ ಕರುವಿಗೆ ಏನಾಗಬೇಕಿತ್ತೆಂದು ಯಾರೂ ಕೇಳಲಿಲ್ಲ. ಈರಪ್ಪ ಬಾಯಿ ತೆರೆದ. ಅಜ್ಜಯ್ಯ ಅವನ ಕಡೆ ನೋಡಿದ. ಬಾಯಿ ಮುಚ್ಚಿತು.

ಕರು ತಡವರಿಸುತ್ತ ಕೆಚ್ಚಲ ಕಡೆ ಹೋಯಿತು. ಕೆಂಗಣ್ಣಿ ಕತ್ತು ತಿರುಗಿಸಿ ಬಾಲದ ಬುಡ ಮೂಸಿತು. ತನ್ನ ಮೂಗಿನಲ್ಲೂ ಅದೇ, ಕರುವಿನಲ್ಲೂ ಅದೇ, ಪಕ್ಕ ನಿಂತವನಲ್ಲೂ ಅದೇ. ಯಾವುದು ತನ್ನದು, ಯಾವುದು ಅಲ್ಲ ಎಂದು ತಿಳಿಯದೆ ಮತ್ತೆ ಮೂಸಿತು. ಹಿಂಗಾಲು ಎತ್ತಿತು. ಎತ್ತಿದ ಕಾಲನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದು, ಕೆಳಗಿಟ್ಟಿತು. ಬೇಲಿಯ ಹೊರಗೆ ನಿಂತವರಿಗೆ ಕರು ಹಾಲು ಎಳೆಯುವ ಚಪ್ಪರಿಕೆ ಕೇಳಿಸಿತು.

"ಸುಳ್ಳು ಹೇಳ್ಬಿಟ್ಯಲ್ಲವ್ವಾ ಮೂಗಿಗೆ" ಎಂದ ಅಜ್ಜಯ್ಯ.

ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ಕೆಲವು ದಿನ ಬೆಳಿಗ್ಗೆ ಸಂಜೆ ಅಂಜಿನಮ್ಮ ದೊಡ್ಡಿಗೆ ಬಂದಳು. ಕರುವಿಗೆ, ಹಸುವಿಗೆ, ಬೀರಪ್ಪನಿಗೆ ಹಚ್ಚಿದಳು. ಕರುವಿನ ಮೈಗೆ ಕೆಂಗಣ್ಣಿಯ ಹಾಲಿನ ವಾಸನೆಯೇ ಹತ್ತಿ, ಅತ್ತರಿಲ್ಲದೆಯೂ ಹಸು ಅದನ್ನು ನೆಕ್ಕಿದ ದಿನ ಸೀಸೆ ಖಾಲಿಯಾಗಿತ್ತು. ಹೆಣ್ಣು ಕರು. ಈರಪ್ಪ ಅದಕ್ಕೆ ಅತ್ತರವ್ವ ಎಂದು ಹೆಸರಿಟ್ಟ. ಗೇಲಿಗೆ ಇಟ್ಟ ಹೆಸರು ನಿಂತುಹೋಯಿತು.

ಖಾಲಿ ಸೀಸೆಯನ್ನು ಅಂಜಿನಮ್ಮ ತೊಳೆಯದೆ ಗೂಡಿನಲ್ಲಿಟ್ಟಳು. ಆಗಾಗ ಬಿರಡೆ ತೆಗೆದು ಮೂಸಿ ಮತ್ತೆ ಮುಚ್ಚುವುದನ್ನು ಬೀರಪ್ಪ ನೋಡಿದ.

ತರೀಕೆರೆ ಸಂತೆಯ ದಿನ ಅವನು ಹಗ್ಗ ತರಬೇಕೆಂದು ಹೇಳಿ, ಸೀಸೆಯನ್ನು ಅಂಗಿಯೊಳಗೆ ಹಾಕಿಕೊಂಡು ಹೊರಟ. ಗೂಡಂಗಡಿಯ ಮುಂದೆ ಎರಡು ಸಲ ಅತ್ತಿಂದಿತ್ತ ಓಡಾಡಿ, ಗಿರಾಕಿಗಳು ಖಾಲಿಯಾದ ಮೇಲೆ ಸೀಸೆ ಮುಂದಿಟ್ಟ. ಸಾಬರು ಬಿರಡೆ ತೆಗೆದು ಮೂಸಿದರು.

"ಹನುಮಂತಪ್ಪನ ಮಗಳದ್ದು ಇದು. ನೀವು ಅಳಿಯಂದ್ರಾ? ಬನ್ನಿ ಬನ್ನಿ. ಯಾರಿಗೆ ಬೇಕಿತ್ತು, ಅವಳಿಗಾ, ನಿಮಗಾ?"

"ಕರೂಗೆ" ಎಂದ ಬೀರಪ್ಪ.

ಸಾಬರು ಅವನ ಮುಖ ನೋಡಿ, ನಗದೆ, ಸೀಸೆ ತುಂಬಿಸಿ ಕೊಟ್ಟರು. ಮನೆಯಲ್ಲೂ ಅವನು ಅದನ್ನೇ ಹೇಳಿದ. ಅಂಜಿನಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ಹಸಿರು ಬಣ್ಣ ನೋಡುತ್ತ ಕೇಳಿದಳು.

"ಕರು ಈಗ ತಾನಾಗೇ ತಾಯಿ ಹಿಂದೆ ಹೋಗ್ತದಲ್ಲ?"

"ಇರ್ಲಿ. ಇನ್ನೊಂದು ಕರೂಗೆ ಬೇಕಾಗ್ಬಹುದು."

"ಹಂಗಾರೆ ದೊಡ್ಡೀಲೇ ಮಡಗಿ."

"ಅಲ್ಲಿಟ್ರೆ ಈರಪ್ಪ ಹಚ್ಕಂಬಿಡ್ತಾನೆ."

ಅವಳು ನಕ್ಕಳು. "ಹಗ್ಗ ಎಲ್ಲಿ?"

ಹಗ್ಗ ಅವನು ಮರೆತೇ ಬಂದಿದ್ದ. ಆ ಸಂಜೆ ಅವಳು ಅವನ ಬಲಗಿವಿಗೆ ಒಂದು ಬೆರಳು ಹಚ್ಚಿದಳು.

ಮರುದಿನ ಬೆಳಿಗ್ಗೆ ಬೀರಪ್ಪ ಬಾನಿಯ ಹತ್ತಿರ ಕೂತು ಮುಖ ತೊಳೆದ, ಕಾಲು ತೊಳೆದ. ಕಿವಿಗೆ ನೀರು ಮುಟ್ಟಿಸಲಿಲ್ಲ. ಅಂಜಿನಮ್ಮ ಕೊಡ ತುಂಬಿಕೊಂಡು ಬರುವವರೆಗೂ ಕಾದು, ಅವಳ ಎದುರಿಗೇ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಕಾವಲಿಗೆ ಬಂದವನು ನೇರ ಮಂದೆಯ ಕಡೆ ಹೋಗಲಿಲ್ಲ. ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ದೊಡ್ಡ ಸುತ್ತು ಬಳಸಿ, ದನದ ಕಡೆಯಿಂದ ತನ್ನ ಕಡೆಗೆ ಗಾಳಿ ಬರುವ ಬದಿಗೆ ಹೋಗಿ ನಿಂತು ಕೂಗಿದ. ಕೆಂಗಣ್ಣಿ ತಲೆ ಎತ್ತಿ ನೋಡಿ ಮತ್ತೆ ಮೇಯಲು ಹತ್ತಿತು.

೧೯೬೪ರಲ್ಲಿ ಅಜ್ಜಂಪುರಕ್ಕೆ ವರ್ಗವಾಗುವ ತನಕ ಅವನು ಆ ಮಂದೆಯನ್ನು ದಿನಾ ಬೆಳಿಗ್ಗೆ ಹಾಗೆ ಸುತ್ತು ಬಳಸಿಯೇ ಸೇರಿಕೊಳ್ಳುತ್ತಿದ್ದ.